ಕೂಡಿ ಕುಳಿತು ಬರೆಯಲಿ ನಮ್ಮ ಮಕ್ಕಳು

(ರನ್ನ ಬೆಳಗಲಿಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಬಡ್ಡಿ ಇವುಗಳ ಮಾತು ಮುಗಿಯಿತು. ಈಗ ಸ್ವಲ್ಪ ಹೊತ್ತು ಮಕ್ಕಳ ಸಾಲಿಯ ಬಗ್ಗೆ ಮಾತಾಡೋಣ. ಹೋದ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, “ಸಿಸ್ಟರ್, ನನ್ನ ಮಗಳು ಲೆಕ್ಕ ಮಾಡ್ತಾಳ್ರಿ, ಪಾಠ ಓದ್ತಾಳ್ರಿ, ಆದ್ರ ಪ್ರಬಂಧ ಬರಿ ಅಂದ್ರ ಪೆನ್ನು ಕಚ್ಚಿಕೊಂಡು ಕೂಡ್ತಾಳ್ರಿ. ನಾ ಸಾಲಿ ಕಲ್ತಿಲ್ಲ, ನಾ ಏನ್ ಹೇಳಿಕೊಡ್ಲಿ?” ಅಂತ ಕೇಳಿದರು. ಆ ದಿನ ಸಮಯ ಇರಲಿಲ್ಲ. ಉತ್ತರ ಇವತ್ತು ಹೇಳುತ್ತೇನೆ. ಉತ್ತರ ಸಣ್ಣದು. ಆ ತಾಯಿಗೆ ಏನು ಗೊತ್ತಿಲ್ಲ ಅಂತ ಅವರು ತಿಳಿದುಕೊಂಡಿದ್ದಾರೋ, ಅದು ಅವರಿಗೆ ಗೊತ್ತಿದೆ. ನಿಮಗೆಲ್ಲರಿಗೂ ಗೊತ್ತಿದೆ. ಹೇಗೆ ಅನ್ನುವುದನ್ನು ಮುಂದೆ ನೋಡೋಣ.

ಖಾಲಿ ಉಳಿದ ಹಾಳೆ

ಕೆಲವು ವರ್ಷಗಳ ಹಿಂದಿನ ಮಾತು. ಏಳನೇ ತರಗತಿಯ ಒಬ್ಬ ಹುಡುಗಿ ಪರೀಕ್ಷೆಗೆ ಮೂರು ಪ್ರಬಂಧ ಬಾಯಿಪಾಠ ಮಾಡಿಕೊಂಡಿದ್ದಳು. ಗ್ರಂಥಾಲಯ, ದೂರದರ್ಶನ, ರಾಷ್ಟ್ರೀಯ ಹಬ್ಬಗಳು. ಮೂರೂ ಗೈಡಿನಿಂದ ತೆಗೆದವು. ಪರೀಕ್ಷೆಯಲ್ಲಿ ಬಂದದ್ದು “ನಮ್ಮೂರ ಜಾತ್ರೆ”. ಹುಡುಗಿ ಆ ಹಾಳೆಯನ್ನು ಖಾಲಿ ಬಿಟ್ಟು ಎದ್ದು ಬಂದಳು.

ಆಕೆಯ ತಾಯಿ ಪ್ರತಿ ವರ್ಷ ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುವವರು. ಮಗಳೂ ಜೊತೆಗೆ ಕೂಡುತ್ತಾಳೆ. ಸಂಜೆ ಮನೆ ಕಡೆ ನಡೆದು ಹೋಗುವಾಗ, ಜಾತ್ರೆಯಲ್ಲಿ ಏನೇನು ಆಗುತ್ತದೆ ಹೇಳು ನೋಡೋಣ ಅಂದೆ. ಅರ್ಧ ತಾಸು ಹೇಳಿದಳು. ಕೈ ಹಿಚುಕಿ ನೋಡಿ ಬಳೆಯ ಅಳತೆ ಹೇಗೆ ತಿಳಿಯುವುದು, ಚೌಕಾಸಿ ಮಾಡಿ ಮಾಡಿ ಕೊನೆಗೆ ಏನೂ ಕೊಳ್ಳದೆ ಹೋಗುವವರ ಮಾತಿನ ಧಾಟಿ ಎಂಥದು, ಮಳೆ ಬಂದಾಗ ತಾಡಪತ್ರಿ ಹಿಡಿದು ತಾಯಿ ಮಗಳು ಬೆಳಗಿನವರೆಗೆ ನಿಂತದ್ದು ಹೇಗೆ, ಎಲ್ಲ ಹೇಳಿದಳು. “ಇದನ್ನೇ ಯಾಕವ್ವಾ ಬರೀಲಿಲ್ಲ?” ಅಂದೆ. “ಇದು ಪುಸ್ತಕದಾಗ ಇಲ್ಲಲ್ರಿ ಸಿಸ್ಟರ್” ಅಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪ್ರಬಂಧ ಅಂದರೆ ಬೇರೆ ಯಾರೋ ಬರೆದದ್ದು, ನಾವು ಉರು ಹೊಡೆದು ಇಳಿಸುವುದು ಅಂತ ಆ ಮಗು ಕಲಿತಿತ್ತು. ತನ್ನ ಬದುಕು ಬರೆಯುವಂಥದ್ದಲ್ಲ ಅಂತಲೂ ಕಲಿತಿತ್ತು. ಈಗಂತೂ ಗೈಡೂ ಬೇಕಿಲ್ಲ. ಮೊಬೈಲಿನಲ್ಲಿ ಕೇಳಿದರೆ ಪೂರಾ ಪ್ರಬಂಧ ಬಂದು ಬೀಳುತ್ತದೆ. ಅದರಲ್ಲಿ ತಪ್ಪು ಕಡಿಮೆ ಇರಬಹುದು. ಆದರೆ ಅದರಲ್ಲಿ ನಿಮ್ಮ ಮಗಳು ಎಲ್ಲಿದ್ದಾಳೆ?

ಇದು ಬರೀ ಅಂಕದ ಮಾತಲ್ಲ

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪ್ರಬಂಧ ಕೇಳುತ್ತಾರೆ, ಪತ್ರ ಬರೆಯಲು ಕೇಳುತ್ತಾರೆ. ಅದಕ್ಕೆ ಅಂಕ ಇವೆ, ನಿಜ. ಆದರೆ ನಾನು ಇನ್ನೊಂದು ಮಾತು ನೆನಪಿಸಬೇಕು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ತುಂಬಿ ಬಂದು ಮುಧೋಳ ತಾಲೂಕಿನ ನದಿ ದಂಡೆಯ ಊರುಗಳಿಗೆ ನೀರು ಹೊಕ್ಕದ್ದು ನಿಮಗೆಲ್ಲ ನೆನಪಿದೆ. ಆಮೇಲೆ ಅರ್ಜಿ ಬರೆಯುವ ಕೆಲಸ ಬಂತು. ಏನು ಹೋಯಿತು, ಎಷ್ಟು ಹೋಯಿತು, ಯಾವಾಗ ಹೋಯಿತು ಅಂತ ಬರೆಯಬೇಕು. ಹೆಣ್ಣುಮಕ್ಕಳು ಬಾಯಿಂದ ಹೇಳುವಾಗ ಒಂದೂ ಬಿಡುತ್ತಿರಲಿಲ್ಲ. ಜ್ವಾಳದ ಚೀಲ ಎಷ್ಟು, ಆಡು ಎಷ್ಟು, ಯಾವ ಗೋಡೆ ಮೊದಲು ಬಿತ್ತು, ಎಲ್ಲ ಹೇಳುತ್ತಿದ್ದರು. ಕಾಗದದ ಮುಂದೆ ಕೂತಾಗ ಮಾತ್ರ ಮಾತು ನಿಂತುಹೋಯಿತು. ರೊಕ್ಕ ಕೊಟ್ಟು ಬೇರೆಯವರ ಕೈಲಿ ಬರೆಸಿದರು. ಬರೆದವನು ಎಲ್ಲರಿಗೂ ಅದೇ ನಾಲ್ಕು ಸಾಲು ಬರೆದುಕೊಟ್ಟ. ಆ ನಾಲ್ಕು ಸಾಲಿನಲ್ಲಿ ಒಬ್ಬೊಬ್ಬರ ಮನೆಯ ಕಥೆ ಇರಲಿಲ್ಲ.

ಆದ ಮಾತನ್ನು ಅನುಕ್ರಮವಾಗಿ, ಬಿಡದೆ, ಓದುವವನಿಗೆ ತಿಳಿಯುವ ಹಾಗೆ ಬರೆಯುವುದೇ ಪ್ರಬಂಧ. ಆರನೇ ತರಗತಿಯಲ್ಲಿ ಅದನ್ನು ಕಲಿತ ಹುಡುಗಿ ಮುಂದೆ ಅರ್ಜಿಯನ್ನೂ ಬರೆಯುತ್ತಾಳೆ, ಬ್ಯಾಂಕಿಗೆ ಪತ್ರವನ್ನೂ ಬರೆಯುತ್ತಾಳೆ, ತನಗೆ ಅನ್ಯಾಯ ಆದರೆ ದೂರನ್ನೂ ಬರೆಯುತ್ತಾಳೆ. ಕಲಿಯದಿದ್ದರೆ ಬೇರೆಯವರು ಬರೆದದ್ದರ ಕೆಳಗೆ ಸಹಿ ಮಾಡುತ್ತಾಳೆ. ನಮ್ಮಲ್ಲಿ ಎಷ್ಟು ಜನ ಹಾಗೆ ಸಹಿ ಮಾಡಿದ್ದೇವೆ, ಅದರಿಂದ ಏನೇನು ಕಳೆದುಕೊಂಡಿದ್ದೇವೆ, ಅದನ್ನು ನಾನು ಹೇಳಬೇಕಾಗಿಲ್ಲ.

ನಿಮ್ಮ ಠರಾವು ಪುಸ್ತಕ ನೋಡಿರಿ

ಈಗ ಉಪಾಯಕ್ಕೆ ಬರುತ್ತೇನೆ. ಸಂಘದ ಸಭೆ ಹೇಗೆ ನಡೆಯುತ್ತದೆ? ಎಲ್ಲರೂ ಸುತ್ತ ಕೂಡುತ್ತೀರಿ. ಒಬ್ಬೊಬ್ಬರೇ ಮಾತಾಡುತ್ತೀರಿ. ಮೂವರು ಅದೇ ಮಾತು ಹೇಳಿದರೆ ಒಂದೇ ಸಲ ಬರೆಯುತ್ತೀರಿ. ಸಾಲದ ಮಾತು ಒಂದು ಕಡೆ, ಉಳಿತಾಯದ ಮಾತು ಒಂದು ಕಡೆ, ಇತರೆ ವಿಷಯ ಕೊನೆಗೆ. ಒಬ್ಬರು ಬರೆಯುತ್ತಾರೆ. ಬರೆದ ಮೇಲೆ ದೊಡ್ಡ ಧ್ವನಿಯಲ್ಲಿ ಓದಿ ಹೇಳುತ್ತಾರೆ. “ಅದು ಹಂಗಲ್ಲ, ಹಿಂಗ ಅಂದೆವಿ” ಅಂತ ನೀವು ತಿದ್ದಿಸುತ್ತೀರಿ. ಆಮೇಲೆ ಎಲ್ಲರೂ ಸಹಿ ಹಾಕುತ್ತೀರಿ.

ತಾಯಂದಿರೇ, ಪ್ರಬಂಧ ಬರೆಯುವ ವಿಧಾನ ಇದೇ. ಯೋಚಿಸುವುದು, ಕೂಡಿಸುವುದು, ವಿಂಗಡಿಸುವುದು, ಬರೆಯುವುದು, ಓದಿ ತಿದ್ದುವುದು. ನೀವು ವಾರ ವಾರ ಇದನ್ನು ಮಾಡುತ್ತೀರಿ. ಮಗುವನ್ನು ಮಾತ್ರ ಮೂಲೆಗೆ ಒಬ್ಬಳನ್ನೇ ಕೂಡಿಸಿ, ಈ ಐದೂ ಕೆಲಸ ಒಮ್ಮೆಲೇ ಮಾಡು ಅನ್ನುತ್ತೇವೆ.

ಮಕ್ಕಳಿಗೂ ಗುಂಪು ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ ಬಂತು. ಅದರಲ್ಲಿ ಮಕ್ಕಳು ತಟ್ಟೆ ಅಂತ ಕರೆಯುವ ಗುಂಪುಗಳಲ್ಲಿ ಕೂಡುತ್ತಾರೆ. ಕೆಲವು ತಟ್ಟೆಯಲ್ಲಿ ಶಿಕ್ಷಕರ ಸಹಾಯ, ಕೆಲವು ತಟ್ಟೆಯಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ತಾನೇ ಕಲಿಯುವುದು. ಪರರ ಸಹಾಯದಿಂದ ಸ್ವಂತ ಕಲಿಕೆಗೆ ಹೋಗುವ ದಾರಿ ಅದು. ಆದರೆ ಮೇಲಿನ ತರಗತಿಗೆ ಹೋದಂತೆ, ಎಷ್ಟೋ ಕಡೆ, ಸಾಲಾಗಿ ಕೂತು ಬೋರ್ಡ್ ಮೇಲಿನ ಪ್ರಬಂಧ ನಕಲು ಮಾಡುವುದು ಶುರುವಾಗುತ್ತದೆ. ಅಲ್ಲಿಂದ ಮುಂದಿನ ಕೆಲಸವನ್ನು ನಾವು ಸಂಘದವರು ಕೈಗೆತ್ತಿಕೊಳ್ಳಬಹುದು.

ಬಾರ್ಬಿಯಾನದ ಎಂಟು ಹುಡುಗರು

ಇದು ನನ್ನ ತಲೆಯಿಂದ ಬಂದ ಉಪಾಯ ಅಂತ ತಿಳಿಯಬೇಡಿರಿ. ಇಟಲಿ ದೇಶದಲ್ಲಿ ಬಾರ್ಬಿಯಾನ ಅನ್ನುವ ಗುಡ್ಡದ ಹಳ್ಳಿ ಇದೆ. ಅಲ್ಲೊಂದು ಮನೆ, ಇಲ್ಲೊಂದು ಮನೆ. 1954ರ ಕೊನೆಗೆ ಲೊರೆಂಜೊ ಮಿಲಾನಿ ಅನ್ನುವ ಪಾದ್ರಿ ಅಲ್ಲಿಗೆ ಬಂದರು. ರೈತರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಫೇಲಾಗಿ ಮನೆಗೆ ಮರಳುತ್ತಿದ್ದರು. ಪಾದ್ರಿಗಳು ಚರ್ಚಿನ ಮನೆಯಲ್ಲೇ ಶಾಲೆ ನಡೆಸಿದರು. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುತ್ತಿದ್ದರು.

ಆ ಶಾಲೆಯ ಎಂಟು ಹುಡುಗರು ಕೂಡಿ ಒಂದು ಪುಸ್ತಕ ಬರೆದರು. ತಮ್ಮಂಥವರನ್ನು ಫೇಲ್ ಮಾಡುವ ಶಿಕ್ಷಕಿಗೆ ಬರೆದ ಪತ್ರ ಅದು. 1967ರ ಮೇ ತಿಂಗಳಲ್ಲಿ ಅಚ್ಚಾಯಿತು. ಮುಂದಿನ ತಿಂಗಳೇ ಪಾದ್ರಿಗಳು ತೀರಿಕೊಂಡರು, ವಯಸ್ಸು 44. ಆ ಪುಸ್ತಕ ಬೇರೆ ಬೇರೆ ಭಾಷೆಗಳಿಗೆ ಹೋಗಿ, ಶಾಲೆಯ ಬಗ್ಗೆ ಯೋಚಿಸುವವರೆಲ್ಲ ಓದುವಂಥದ್ದಾಯಿತು.

ಅವರು ಹೇಗೆ ಬರೆದರು ಅನ್ನುವುದನ್ನೂ ಅದರಲ್ಲೇ ಹೇಳಿದ್ದಾರೆ. ಒಬ್ಬೊಬ್ಬರ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್. ಹೊಳೆದದ್ದನ್ನು ಆಗಲೇ ಗುರುತು ಹಾಕಿಕೊಳ್ಳುವುದು. ಒಂದೊಂದು ವಿಚಾರಕ್ಕೆ ಒಂದೊಂದು ಚೀಟಿ, ಒಂದೇ ಬದಿಗೆ ಬರೆಯುವುದು. ಆಮೇಲೆ ಎಲ್ಲ ಚೀಟಿಗಳನ್ನು ದೊಡ್ಡ ಮೇಜಿನ ಮೇಲೆ ಹರಡಿ, ಒಂದೇ ಥರದ್ದನ್ನು ತೆಗೆದು, ಉಳಿದದ್ದನ್ನು ಗುಂಪು ಮಾಡಿ, ಗುಂಪಿಗೊಂದು ಹೆಸರು ಕೊಟ್ಟು ಬರೆಯುವುದು. ಬರೆದ ಮೇಲೆ ಬೇಡದ ಪದ, ಕಠಿಣ ಪದ, ಸುಳ್ಳು, ಉದ್ದನೆಯ ವಾಕ್ಯ ಇವನ್ನು ಹುಡುಕಿ ತೆಗೆಯುವುದರಲ್ಲಿ ಪೈಪೋಟಿ. ಕೊನೆಗೆ ಹೊರಗಿನವರನ್ನು ಕರೆದು ಓದಿ ಹೇಳುವುದು. ಅದರಲ್ಲೂ ಹೆಚ್ಚು ಶಾಲೆ ಕಲಿಯದವರನ್ನೇ ಕರೆಯುತ್ತಿದ್ದರು. ಅವರಿಗೆ ತಿಳಿದರೆ ಬರಹ ಸರಿ ಇದೆ ಅಂತ ಅರ್ಥ. ಅಂದರೆ, “ನಾ ಸಾಲಿ ಕಲ್ತಿಲ್ಲ” ಅಂದ ಆ ತಾಯಿಗೆ ಅಲ್ಲಿ ಮೊದಲ ಕುರ್ಚಿ.

ನಾವು ಬೆಲ್ಲದ ಮೇಲೆ ಬರೆದದ್ದು

ಇದನ್ನು ನೋಡಿ ನಾನೂ ಆರು ಮಕ್ಕಳನ್ನು ಕೂಡಿಸಿದೆ. ಐದರಿಂದ ಎಂಟನೇ ತರಗತಿಯವರು. ವಿಷಯ “ಬೆಲ್ಲದ ಗಾಣ”. ನಮ್ಮ ಈ ಭಾಗದ ಬೆಲ್ಲ, ಅದರಲ್ಲೂ ಮಹಾಲಿಂಗಪುರದ ಬೆಲ್ಲ, ಎಲ್ಲರಿಗೂ ಗೊತ್ತು. ಗಾಣ ನೋಡದ ಮಗು ಇಲ್ಲ.

ಮೊದಲು ಅರ್ಧ ತಾಸು ಬರೀ ಮಾತು. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಮಾಡಿ ಕೊಟ್ಟೆ. ಚೀಟಿಗೊಂದೇ ಮಾತು ಬರೆಯಬೇಕು. ಮನೆಯಲ್ಲಿ ಆಡುವ ಹಾಗೇ ಬರೆಯಿರಿ ಅಂದೆ. ಒಬ್ಬ ಬರೆದ, “ಒಲಿ ಹೊಗಿ ಕಣ್ಣಿಗೆ ಹತ್ತತೈತಿ”. ಇನ್ನೊಬ್ಬ, “ಅಜ್ಜ ಪಾಕ ನೀರಾಗ ಬಿಟ್ಟು ಹದ ನೋಡ್ತಾನ”. ಒಬ್ಬಳು, “ಅವ್ವ ಕಬ್ಬು ಕಡಿಯಾಕ ಹೋಗ್ತಾಳ, ಗರಿ ಕುಯ್ದು ಕೈ ಉರಿತೈತಿ”. ಮತ್ತೊಬ್ಬ, “ಬಿಸಿ ಬೆಲ್ಲ ತಿಂದ್ರ ನಾಲಿಗಿ ಸುಡತೈತಿ, ಆದ್ರೂ ತಿಂತೀವಿ”. ಹೀಗೆ ಇಪ್ಪತ್ತಕ್ಕೂ ಹೆಚ್ಚು ಚೀಟಿ ಆದವು. ಹಾಳೆಯನ್ನು ಖಾಲಿ ಬಿಡುವ ಮಕ್ಕಳೇ ಇವರು, ನೆನಪಿರಲಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಒಬ್ಬ ಹುಡುಗನ ಚೀಟಿ ನೋಡಿ, “ಐತಿ ಅಲ್ಲಪ್ಪಾ, ಇದೆ ಅಂತ ಬರಿ” ಅಂದುಬಿಟ್ಟೆ. ಅವನು ಪೆನ್ನು ಕೆಳಗಿಟ್ಟ. ಆಮೇಲೆ ಒಂದು ಚೀಟಿಯನ್ನೂ ಬರೆಯಲಿಲ್ಲ. ಮೂವತ್ತು ವರ್ಷ ಸಮಾಜಸೇವೆ ಮಾಡಿದವಳು ನಾನು, ಹೀಗೆ ಮಾಡಿದೆ. ಮುಂದಿನ ವಾರ ಅವನನ್ನು ಮಾತಿಗೆ ತರಲು ಬಹಳ ಹೊತ್ತು ಬೇಕಾಯಿತು. ಅದಕ್ಕೇ ಹೇಳುತ್ತೇನೆ, ಚೀಟಿ ಬರೆಯುವಾಗ ಯಾರೂ ತಿದ್ದಬಾರದು. ತಿದ್ದುವ ಸಮಯ ಆಮೇಲೆ ಬರುತ್ತದೆ.

ಚೀಟಿಗಳನ್ನು ನೆಲದ ಮೇಲೆ ಹರಡಿದೆವು. ಒಂದೇ ಮಾತಿನವು ನಾಲ್ಕು ಇದ್ದವು, ಒಂದು ಇಟ್ಟುಕೊಂಡು ಉಳಿದವನ್ನು ತೆಗೆದರು. ಉಳಿದದ್ದು ನಾಲ್ಕು ಗುಂಪಾಯಿತು. ಕಬ್ಬು ಬರುವುದು, ಗಾಣದಲ್ಲಿ ನಡೆಯುವ ಕೆಲಸ, ಕೆಲಸದವರ ಕಷ್ಟ, ಬೆಲ್ಲ ಪೇಟೆಗೆ ಹೋಗುವುದು. ಯಾವುದು ಮೊದಲು ಅಂತ ಜಗಳ ಆಯಿತು. ಒಬ್ಬ ಬಿಸಿ ಬೆಲ್ಲ ತಿಂದದ್ದರಿಂದಲೇ ಶುರು ಮಾಡೋಣ ಅಂದ. ಎಲ್ಲರೂ ಒಪ್ಪಿದರು. ಯಾವ ಗೈಡಿನಲ್ಲೂ ಹೀಗೆ ಶುರುವಾಗುವ ಪ್ರಬಂಧ ನಾನು ನೋಡಿಲ್ಲ.

ಗುಂಪಿಗೊಂದು ಭಾಗ ಹಂಚಿಕೊಂಡು ಬರೆದರು. “ಐತಿ” ಈಗ “ಇದೆ” ಆಯಿತು, ಅವರೇ ಮಾಡಿಕೊಂಡರು. ಅಜ್ಜನ ಮಾತು, ಅವ್ವನ ಮಾತು ಬಂದ ಕಡೆ ಮಾತ್ರ ಮನೆಯ ಮಾತನ್ನೇ ಇಟ್ಟರು. ಆಮೇಲೆ ಓಣಿಯ ಒಬ್ಬ ಅಜ್ಜಿಯನ್ನು ಕರೆದು ಓದಿ ಹೇಳಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ, “ಬೆಲ್ಲ ಮಾಡುವುದು ಬಹಳ ಸುಲಭ” ಅಂತ ಬಂತು. ಅಜ್ಜಿ ಕಣ್ಣು ತೆರೆದು, “ಯಾವನಲೇ ಇದನ್ನ ಬರದಾವ? ಒಂದಿನ ಒಲಿ ಮುಂದ ಕೂತು ನೋಡು” ಅಂದರು. ಮಕ್ಕಳು ನಕ್ಕರು, ಆ ಸಾಲು ಹೊಡೆದು ಹಾಕಿದರು. ಅದರ ಜಾಗದಲ್ಲಿ ಒಲೆಯ ಮುಂದೆ ಕೂಡುವವರ ಬಗ್ಗೆ ಅಜ್ಜಿಯನ್ನೇ ಕೇಳಿ ಮೂರು ಸಾಲು ಬರೆದರು. ಇಡೀ ಪ್ರಬಂಧದಲ್ಲಿ ಅದೇ ಚೆನ್ನಾದ ಭಾಗ.

ಅವ್ವನ ಕೈ ಉರಿಯುವುದನ್ನು ಬರೆದ ಹುಡುಗಿಯ ತಾಯಿಯೂ ಅಲ್ಲಿದ್ದರು. ಅವರು ಏನೂ ಅನ್ನಲಿಲ್ಲ. ಹೋಗುವಾಗ ಆ ಹಾಳೆಯನ್ನು ತೋರಿಸಿ, “ಇದನ್ನ ನಾ ಮನಿಗೆ ಒಯ್ಲೇನ್ರಿ?” ಅಂತ ಕೇಳಿದರು. ಅವರಿಗೆ ಓದಲು ಬರುವುದಿಲ್ಲ.

ನಿಮ್ಮ ಸಂದೇಹಗಳು

“ಪರೀಕ್ಷಾದಾಗ ಒಬ್ಬಾಕೀನ ಬರೀಬೇಕಲ್ರಿ?” ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಸೈಕಲ್ ಕಲಿಯುವಾಗ ಹಿಂದಿನಿಂದ ಹಿಡಿದುಕೊಳ್ಳುತ್ತೇವೆ, ಆಮೇಲೆ ಕೈ ಬಿಡುತ್ತೇವೆ. ಮೂರು ಪ್ರಬಂಧ ಗುಂಪಿನಲ್ಲಿ ಬರೆಯಲಿ. ನಾಲ್ಕನೆಯದಕ್ಕೆ ಮಾತು ಮತ್ತು ಚೀಟಿ ಗುಂಪಿನಲ್ಲಿ, ಬರವಣಿಗೆ ಒಬ್ಬೊಬ್ಬರೇ. ಐದನೆಯದನ್ನು ಪೂರಾ ತಾನೇ ಬರೆದು ಗುಂಪಿಗೆ ಓದಿ ಹೇಳಲಿ. ಪರೀಕ್ಷೆಯಲ್ಲಿ ಚೀಟಿ ಇರುವುದಿಲ್ಲ, ಆದರೆ ಕೊನೆಯ ಪುಟದಲ್ಲಿ ಎಂಟು ಹತ್ತು ಪದ ಗುರುತು ಹಾಕಿಕೊಂಡು, ಒಂದು ಎರಡು ಮೂರು ಅಂತ ನಂಬರ್ ಕೊಟ್ಟು ಬರೆಯಲು ಅವಳಿಗೆ ಬಂದಿರುತ್ತದೆ.

“ಶಾಣ್ಯಾ ಹುಡುಗ ಎಲ್ಲಾ ಬರೀತಾನ, ಉಳಿದವ್ರು ಸುಮ್ಮ ಕೂಡ್ತಾರ”. ಇದೂ ಆಗುತ್ತದೆ. ಸಂಘದಲ್ಲಿ ಒಬ್ಬರೇ ಮಾತಾಡಿದರೆ ನಾವು ಏನು ಮಾಡುತ್ತೇವೆ? ಸುತ್ತಲೂ ಕೇಳುತ್ತೇವೆ. ಇಲ್ಲೂ ಹಾಗೇ. ಒಬ್ಬೊಬ್ಬರಿಗೂ ಕಡಿಮೆ ಅಂದರೆ ಮೂರು ಚೀಟಿ. ಚೆನ್ನಾಗಿ ಬಲ್ಲ ಮಗು ಕೊನೆಗೆ ಮಾತಾಡಲಿ. ಬರೆಯುವ ಕೈ ಪ್ರತಿ ಸಲ ಬದಲಾಗಲಿ. ಬರೆಯಲು ಬಾರದ ಸಣ್ಣ ಮಗು ಹೇಳಲಿ, ದೊಡ್ಡದು ಬರೆದುಕೊಳ್ಳಲಿ.

“ಕಾಗುಣಿತ ತಪ್ಪು ಬರೀತಾರ”. ಬರೆಯಲಿ. ಕೊನೆಯ ಸಲ ಓದುವಾಗ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಲಿ. ತಮ್ಮ ತಪ್ಪು ಕಾಣದ ಮಕ್ಕಳಿಗೆ ಗೆಳೆಯರ ತಪ್ಪು ಬೇಗ ಕಾಣುತ್ತದೆ! ಉಳಿದದ್ದನ್ನು ಶಾಲೆಯ ಗುರುಗಳಿಗೆ ತೋರಿಸಿರಿ. ಅವರಿಗೂ ಸಂತೋಷ ಆಗುತ್ತದೆ.

ಇನ್ನೊಂದು ಮಾತು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಆ ಒಂದು ತಾಸು ಹೆಣ್ಣುಮಕ್ಕಳನ್ನು ನೀರಿಗೆ, ಕಸಕ್ಕೆ, ತಮ್ಮನನ್ನು ಎತ್ತಿಕೊಳ್ಳಲಿಕ್ಕೆ ಕರೆಯಬೇಡಿರಿ. ಗುಂಪಿನ ನಡುವಿನಿಂದ ಮೊದಲು ಎದ್ದು ಹೋಗುವವಳು ಯಾವಾಗಲೂ ಹುಡುಗಿಯೇ.

ರನ್ನನ ಊರಿನವರು ನೀವು

ನಿಮ್ಮ ಊರಿನ ಹೆಸರಿನಲ್ಲೇ ಕವಿ ಇದ್ದಾನೆ. ಹತ್ತನೇ ಶತಮಾನದ ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳ. ಬಳೆಗಾರರ ಮನೆಯ ಮಗ. ಕಲಿಯುವ ಆಸೆಯಿಂದ ದೂರದ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರಲ್ಲಿ ಓದಿದ. ಕವಿಚಕ್ರವರ್ತಿ ಅನ್ನುವ ಬಿರುದು ಪಡೆದ. ಅವನ ಗದಾಯುದ್ಧದ ಹೆಸರನ್ನು ನಿಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ.

ಅವನ ಅಜಿತಪುರಾಣ ಬರೆಸಿದವರು ಒಬ್ಬ ಹೆಣ್ಣುಮಗಳು, ದಾನಚಿಂತಾಮಣಿ ಅತ್ತಿಮಬ್ಬೆ. ಅದು ಮುಗಿದದ್ದು ಕ್ರಿ.ಶ. 993ರಲ್ಲಿ. ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವರೂ ಅತ್ತಿಮಬ್ಬೆಯೇ. ಅಚ್ಚುಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಓಲೆಗರಿಯ ಮೇಲೆ ಕೈಯಿಂದ ಬರೆಯಬೇಕು. ಎಷ್ಟು ಕೈ ಕೂಡಿರಬೇಕು ನೋಡಿರಿ. ಬಳೆಗಾರರ ಮಗ ಬರೆದ, ಹಿಂದೆ ಒಬ್ಬ ತಾಯಿ ನಿಂತರು.

ಜಾತ್ರೆಯ ಬಳೆ ಅಂಗಡಿಯ ನಮ್ಮ ಹುಡುಗಿಯ ಹಿಂದೆ ಯಾರು ನಿಲ್ಲಬೇಕು? ಸಾವಿರ ಪ್ರತಿ ಮಾಡಿಸುವ ಶಕ್ತಿ ನಮಗಿಲ್ಲ. ವಾರಕ್ಕೆ ಒಂದು ತಾಸು, ಹಳೆಯ ಕ್ಯಾಲೆಂಡರು, ನಾಲ್ಕು ಪೆನ್ನು, ಕೇಳುವ ಕಿವಿ, ಇಷ್ಟು ನಮ್ಮಲ್ಲಿ ಇದೆ.

ಮುಂದಿನ ಸಭೆಗೆ

ಪ್ರತಿ ಸಂಘ ಈ ತಿಂಗಳು ಒಂದು ಗುಂಪು ಮಾಡಲಿ. ಐದಾರು ಮಕ್ಕಳು ಸಾಕು. ಭಾನುವಾರ ಸಂಜೆ ಯಾರದಾದರೂ ಮನೆಯ ಕಟ್ಟೆ ಆದೀತು. ವಿಷಯ ದೂರದ್ದು ಬೇಡ. ಬನಹಟ್ಟಿ ಕಡೆಯ ಸಂಘದವರು ಮಗ್ಗದ ಮೇಲೆ ಬರೆಸಿರಿ. ಮುಧೋಳದವರು ಮುಧೋಳ ನಾಯಿಯ ಮೇಲೆ ಬರೆಸಬಹುದು. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂದಿತ್ತು ಅಂತ ಮಕ್ಕಳಿಗೆ ಹೇಳಿರಿ. ನದಿ ದಂಡೆಯವರು 2019ರ ನೆರೆ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆಸಿರಿ. ಆ ನಾಲ್ಕು ಸಾಲಿನ ಅರ್ಜಿಯಲ್ಲಿ ಬಾರದೆ ಉಳಿದದ್ದು ಈಗಲಾದರೂ ಬರಲಿ. ಹಾಳೆಯ ಕೆಳಗೆ ಎಲ್ಲ ಮಕ್ಕಳೂ ಸಹಿ ಹಾಕಲಿ, ಠರಾವು ಪುಸ್ತಕದಲ್ಲಿ ನಾವು ಹಾಕುವ ಹಾಗೆ.

ಮುಂದಿನ ತಿಂಗಳು ಲೆಕ್ಕಪತ್ರ ಮುಗಿದ ಮೇಲೆ ಆ ಪ್ರಬಂಧಗಳನ್ನು ಇಲ್ಲೇ ಓದೋಣ. ಓದುವವರು ಮಕ್ಕಳು. ನಾವು ಕಣ್ಣು ಮುಚ್ಚಿ ಕೇಳೋಣ. ಸುಳ್ಳು ಸಾಲು ಬಂದರೆ ಆ ಅಜ್ಜಿಯ ಹಾಗೆ ಕಣ್ಣು ತೆರೆಯೋಣ.